ಎದೆನೋವಿಗೆ ಸೋಡಾ, ಸಾವಿಗೆ ಹಣೆಬರಹ



ಉದ್ದದ ಬರಹ ಇದು. ಪೂರ್ತಿ ಓದಿ, ಆಮೇಲೆ ಬೈಯೋರು ಬೈಯಿರಿ.

ನಾನೊಬ್ಬ ಗುಮಾಸ್ತ. ಯಾವ ಕಚೇರಿ ಅಂತ ಕೇಳಬೇಡಿ, ಹೊಟ್ಟೆಪಾಡು. ನನ್ನ ಟೇಬಲ್ಲಿಗೆ ಬರೋದು ವಿಧವಾ ವೇತನದ ಅರ್ಜಿ, ವಂಶವೃಕ್ಷದ ಅರ್ಜಿ, ಪೌತಿ ಖಾತೆಯ ಕಾಗದ. ಎಲ್ಲದಕ್ಕೂ ಮರಣ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿರುತ್ತಾರೆ. ಆ ಪತ್ರದಲ್ಲಿ ಸತ್ತವರ ಹೆಸರಿರುತ್ತೆ, ತಂದೆಯ ಹೆಸರಿರುತ್ತೆ, ದಿನಾಂಕ, ಊರು ಇರುತ್ತೆ. ಯಾಕೆ ಸತ್ತರು ಅಂತ ಇರಲ್ಲ. ಹಂಗಾಗಿ ನಾನೇ ಕೇಳ್ತೀನಿ, "ಏನಾಗಿತ್ತಮ್ಮಾ?"

ಉತ್ತರ ಹೆಚ್ಚುಕಡಿಮೆ ಒಂದೇ. "ರಾತ್ರಿ ಎದಿ ಹಿಡ್ಕಂಡ್ರು ಸಾರ್. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸಿದ್ವಿ. ಬೆಳಕಾಗೋದ್ರೊಳಗೆ ಹೋಗಿಬಿಟ್ರು. ನಮ್ ಹಣೆಬರಹ."

ವಯಸ್ಸು ನೋಡಿದರೆ 38, 42, 45. ಹಮಾಲರು, ಗಾರೆ ಕೆಲಸದವರು, ಟ್ರ್ಯಾಕ್ಟರ್ ಡ್ರೈವರುಗಳು, ಗುಳೆ ಹೋಗಿ ಬಂದವರು. ಅರ್ಜಿ ಹಿಡಿದು ನಿಂತಿರುವ ಹೆಣ್ಣುಮಗಳಿಗೆ ಮೂವತ್ತೈದೂ ಆಗಿರಲ್ಲ.

ಮೊನ್ನೆ ಊಟದ ಹೊತ್ತಲ್ಲಿ ಈ ಮಾತು ತೆಗೆದಾಗ ಸಹೋದ್ಯೋಗಿಯೊಬ್ಬರು ನಕ್ಕು ಹೇಳಿದರು: "ನೀವು ಎಲ್ಲದಕ್ಕೂ ಜಾತಿ ತರ್ತೀರಿ. ಹಾರ್ಟ್ ಅಟ್ಯಾಕ್ ಏನು ಜಾತಿ ಕೇಳಿ ಬರುತ್ತಾ? ಪುನೀತ್ ರಾಜಕುಮಾರ್‌ಗೇ ಬಿಡಲಿಲ್ಲ."

ಮಾತೇನೋ ನಿಜ. ಅಪ್ಪು ತೀರಿಕೊಂಡ 2021ರ ಅಕ್ಟೋಬರ್ 29ರಂದು ನಮ್ಮ ಕೇರಿಯಲ್ಲೂ ಒಲೆ ಹಚ್ಚಿರಲಿಲ್ಲ. ಬೆಂಗಳೂರಿನ ನಡುಮಧ್ಯೆ ಇದ್ದು, ಕಾರಿದ್ದು, ನಿಮಿಷಗಳ ದೂರದಲ್ಲಿ ದೊಡ್ಡಾಸ್ಪತ್ರೆ ಇದ್ದೂ ನಲವತ್ತಾರರ ಆ ಮನುಷ್ಯನಿಗೆ ಟೈಮು ಸಾಲಲಿಲ್ಲ. ಹಂಗಾದರೆ ಕೂಡ್ಲಿಗಿ ಸೀಮೆಯ ಕೇರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡವನ ಕಥೆ ಏನು? ಆ ಕಥೆ ನನಗೆ ಗೊತ್ತು. ನಮ್ಮ ಮನೆಯದೇ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ ಆಗಬೇಕು. ಹಮಾಲಿ ಮಾಡ್ತಿದ್ದ. ಏಳೆಂಟು ವರ್ಷದ ಹಿಂದಿನ ಮಾತು. ರಾತ್ರಿ ಒಂಬತ್ತಕ್ಕೆ ಎದೆ ಮೇಲೆ ಚೀಲ ಇಟ್ಟಂಗೆ ಆಗ್ತೈತೆ ಅಂದ. ಮೈಯೆಲ್ಲ ಬೆವರು. ಊರಿನ ಆರ್‌ಎಂಪಿ ಬಂದು ಗ್ಯಾಸಿಗೆ ಇಂಜೆಕ್ಷನ್ ಚುಚ್ಚಿ ಹೋದ. ಹನ್ನೊಂದಕ್ಕೆ ಆಂಬುಲೆನ್ಸಿಗೆ ಫೋನ್ ಮಾಡಿದೆವು, ಗಾಡಿ ಬೇರೆ ಕೇಸಿಗೆ ಹೋಗಿತ್ತು. ಅದು ಬಂದು ಸರ್ಕಾರಿ ಆಸ್ಪತ್ರೆ ಮುಟ್ಟುವಾಗ ಹನ್ನೆರಡೂವರೆ ದಾಟಿತ್ತು. ಅಲ್ಲಿ ಇಸಿಜಿ ಮಷೀನ್ ಇತ್ತು, ಅದನ್ನ ಹಾಕೋರು ಹಗಲು ಮಾತ್ರ. ಇದ್ದೊಬ್ಬ ಡಾಕ್ಟರು ಹೆರಿಗೆ ವಾರ್ಡಿನಲ್ಲಿದ್ದರು. ಆಸ್ಪತ್ರೆಯ ಹೆಸರು ಹೇಳಲ್ಲ, ಹೇಳಿದರೆ ಅದೊಂದೇ ಹಂಗೆ ಅಂತ ಆಗುತ್ತೆ. "ಇಲ್ಲಿ ಆಗಲ್ಲ, ಬಳ್ಳಾರಿಗೆ ಕರ್ಕಂಡು ಹೋಗ್ರಿ" ಅಂದರು. ಬಾಡಿಗೆ ಕಾರಿಗೆ ದುಡ್ಡು ಹೊಂದಿಸೋಕೆ ಮುಕ್ಕಾಲು ತಾಸು. ದಾರಿ ನಡುವೆ ಅಣ್ಣ ಒಮ್ಮೆ ಗೊರಕೆ ಹೊಡೆದಂಗೆ ಉಸಿರೆಳೆದು ಸುಮ್ಮನಾದ.

ನಾನು ಏನು ಮಾಡಿದೆ ಗೊತ್ತಾ? ಅವನ ಅಂಗಾಲು ಉಜ್ಜಿದೆ. ಬಿ.ಎ. ಓದಿದವನು ನಾನು. ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಒತ್ತಿದ್ದರೆ ಬದುಕುತ್ತಿದ್ದ ಅಂತ ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಒತ್ತಲಿಲ್ಲ ಅನ್ನೋದು ನನ್ನ ಜೊತೆಗೇ ಉಳಿದಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ನಾವೆಲ್ಲ ಎರಡನ್ನೂ ಕಲಸಿಬಿಡ್ತೀವಿ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಮನುಷ್ಯ ಮಾತಾಡ್ತಿರ್ತಾನೆ, ಬೆವರ್ತಿರ್ತಾನೆ, ನಡೀತಾನೂ ಇರಬಹುದು. ಅವನಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ನೋ ಆಂಜಿಯೋಪ್ಲಾಸ್ಟಿಯೋ ಬೇಗ ಸಿಗಬೇಕು. ಆ ಆಘಾತದಲ್ಲೇ ಕೆಲವೊಮ್ಮೆ ಹೃದಯ ಬಡಿತದ ಲಯ ಕೆಟ್ಟು ನಿಂತುಬಿಡುತ್ತೆ. ಅದು ಸ್ತಂಭನ. ಆಗ ನಾಲ್ಕೈದು ನಿಮಿಷದಲ್ಲಿ ಮೆದುಳು ಸಾಯೋಕೆ ಶುರು. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಯುತ್ತೆ ಅಂತಾರೆ ವೈದ್ಯರು. ಮೊದಲನೆಯದಕ್ಕೆ ಆಸ್ಪತ್ರೆ ಹತ್ತಿರ ಇರಬೇಕು. ಎರಡನೆಯದಕ್ಕೆ ಪಕ್ಕದಲ್ಲಿರೋ ಮನುಷ್ಯನಿಗೆ ಕೆಲಸ ಗೊತ್ತಿರಬೇಕು. ನಮ್ಮ ಅಣ್ಣನಿಗೆ ಎರಡೂ ಇರಲಿಲ್ಲ.

ಇನ್ನು ನನ್ನ ಸಹೋದ್ಯೋಗಿಗೆ ಉತ್ತರ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಡೆನಿಸ್ ಕ್ಸೇವಿಯರ್ ಅನ್ನೋ ಸಂಶೋಧಕರಿದ್ದಾರೆ. ಅವರೂ ಅವರ ಜೊತೆಗಾರರೂ ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,937 ಹೃದ್ರೋಗಿಗಳ ಲೆಕ್ಕ ಹಾಕಿದರು. ಕ್ರಿಯೇಟ್ ಅಂತ ಅದರ ಹೆಸರು. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟೋಕೆ ನಡುಮಧ್ಯದ ರೋಗಿಗೆ ಹಿಡಿದ ಕಾಲ 360 ನಿಮಿಷ. ಆರು ತಾಸು. ಅಂದರೆ ಅರ್ಧ ಜನಕ್ಕೆ ಅದಕ್ಕಿಂತಲೂ ಹೆಚ್ಚು.

ಇದಕ್ಕಿಂತ ಮುಖ್ಯ ಮುಂದಿನ ಲೆಕ್ಕ. 30 ದಿನದೊಳಗೆ ಸತ್ತವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಆಂಜಿಯೋಪ್ಲಾಸ್ಟಿ ಸಿಕ್ಕಿದ್ದು ಶ್ರೀಮಂತರಲ್ಲಿ ನೂರಕ್ಕೆ 15.3 ಜನಕ್ಕೆ, ಬಡವರಲ್ಲಿ ಬರೀ 2 ಜನಕ್ಕೆ. ಸಂಶೋಧಕರು ಇಷ್ಟಕ್ಕೇ ನಿಲ್ಲಿಸಲಿಲ್ಲ. ಇಬ್ಬರಿಗೂ ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನ ಲೆಕ್ಕದಿಂದ ಸರಿದೂಗಿಸಿ ನೋಡಿದರು. ಆಗ ಸಾವಿನ ಅಂತರವೇ ಮಾಯವಾಯಿತು.

ಇದನ್ನ ಇನ್ನೊಂದು ಸಲ ಓದಿ. ಬಡವನ ಹೃದಯ ಬಡಕಲು ಅಂತ ಅವನು ಹೆಚ್ಚು ಸಾಯಲಿಲ್ಲ. ಶ್ರೀಮಂತನಿಗೆ ಕೊಟ್ಟ ಔಷಧಿ ಅವನಿಗೆ ಕೊಡಲಿಲ್ಲ, ಅದಕ್ಕೆ ಹೆಚ್ಚು ಸತ್ತ. ಹಣೆಬರಹ ಅಂತ ನಮ್ಮ ತಾಯಂದಿರು ಯಾವುದನ್ನ ಕರೀತಾರೋ ಅದನ್ನ ಬೆಂಗಳೂರಿನ ಡಾಕ್ಟರು ಅಳತೆ ಮಾಡಿ, ಇದು ಚಿಕಿತ್ಸೆಯ ಕೊರತೆ ಅಂತ ಲೋಕಕ್ಕೆ ತೋರಿಸಿ ಹದಿನೇಳು ವರ್ಷ ದಾಟಿತು.

ಹೌದು, ಆ ಅಧ್ಯಯನದ ಈ ಲೆಕ್ಕ ಬಡವ-ಶ್ರೀಮಂತ ಅಂತ, ಜಾತಿಯದಲ್ಲ. ಒಪ್ತೀನಿ. ಆದರೆ ನಮ್ಮ ಐದು ತಾಲ್ಲೂಕಿನಲ್ಲಿ ಕಡುಬಡವರ ಪಟ್ಟಿ ಬರೆಯೋಕೆ ಕೂತರೆ ಮೊದಲು ಯಾವ ಕೇರಿಗೆ ಹೋಗಬೇಕು ಅಂತ ಪ್ರತಿ ಪಿಡಿಓಗೂ ಗೊತ್ತು. ಇನ್ನೊಂದು ಮಾತು: ಆ 20,937 ಜನ ಆಸ್ಪತ್ರೆ ಮುಟ್ಟಿದವರು. ಅದೂ ನಗರದ ಆಸ್ಪತ್ರೆ. ದಾರಿಯಲ್ಲೇ ಹೋದ ನಮ್ಮಣ್ಣನಂಥವರು ಆ ಲೆಕ್ಕದಲ್ಲೂ ಇಲ್ಲ, ಮರಣ ಪ್ರಮಾಣಪತ್ರದಲ್ಲೂ ಕಾರಣ ಇಲ್ಲ. 2025ರಲ್ಲಿ ಹಾಸನದಲ್ಲಿ ಒಬ್ಬರ ಹಿಂದೊಬ್ಬರು ಸತ್ತಾಗ ಟಿವಿಯವರು ದಿನಾ ಎಣಿಸಿದರು, ಜಯದೇವ ಆಸ್ಪತ್ರೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಕೂತು ವರದಿ ಕೊಟ್ಟಿತು. ಎಣಿಸಿದ್ದು ಸರಿ. ನಮ್ಮನ್ನ ಎಣಿಸೋರು ಯಾರು?

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. 2023ರ ನವೆಂಬರಿನಲ್ಲಿ ಅಪ್ಪು ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ತಂದರು. ಒಳ್ಳೇ ಯೋಜನೆ. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಕೂಡಲೇ ಇಸಿಜಿ, ಅದು ಆನ್‌ಲೈನಿನಲ್ಲಿ ಜಯದೇವದಂಥ ದೊಡ್ಡಾಸ್ಪತ್ರೆಯ ತಜ್ಞರಿಗೆ ಹೋಗುತ್ತೆ, ಕೆಲವೇ ನಿಮಿಷದಲ್ಲಿ ಹೌದೋ ಅಲ್ಲವೋ ಅಂತ ತಿಳಿಯುತ್ತೆ, ಹೌದು ಅಂದರೆ ಅಲ್ಲೇ ಟೆನೆಕ್ಟಿಪ್ಲೇಸ್ ಇಂಜೆಕ್ಷನ್. ಹೊರಗೆ ಮೂವತ್ತು ನಲವತ್ತು ಸಾವಿರ ಆಗುವ ಮದ್ದು, ಇಲ್ಲಿ ಉಚಿತ. ಹಾಸನದ ಸಾವುಗಳ ನಂತರ ಎಲ್ಲ ತಾಲ್ಲೂಕು ಆಸ್ಪತ್ರೆಗೂ ವಿಸ್ತರಿಸ್ತೀವಿ ಅಂತ ಆರೋಗ್ಯ ಸಚಿವರು ಘೋಷಿಸಿದರು.

ಆದರೆ ಗುಮಾಸ್ತನಿಗೆ ಘೋಷಣೆಗೂ ಜಾರಿಗೂ ಇರೋ ದೂರ ಗೊತ್ತಿರುತ್ತೆ. ಮದ್ದು ಫ್ರಿಡ್ಜಿನಲ್ಲಿದ್ದರೆ ಸಾಲದು. ರಾತ್ರಿ ಒಂದು ಗಂಟೆಗೆ ಇಸಿಜಿ ಪಟ್ಟಿ ಅಂಟಿಸೋ ಕೈ ಬೇಕು, ಬಂದ ಉತ್ತರ ನೋಡಿ ಚುಚ್ಚೋ ಧೈರ್ಯದ ಡಾಕ್ಟರು ಬೇಕು, ಚುಚ್ಚಿದ ಮೇಲೆ ಲಯ ತಪ್ಪಿದರೆ ಶಾಕ್ ಕೊಡೋಕೆ ಮಷೀನು ಬೇಕು, ಆಮೇಲೆ ದೊಡ್ಡಾಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ತರಬೇತಾದವರು ಕೂತಿರಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಫೋಟೋ ಇರೋ ಬ್ಯಾನರ್ ಮಾತ್ರ ಉಳಿಯುತ್ತೆ.

ದೊಡ್ಡಾಸ್ಪತ್ರೆ ಎಲ್ಲಿದೆ? ನಮ್ಮ ಕಲ್ಯಾಣ ಕರ್ನಾಟಕಕ್ಕೆ ಅಂತ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಉದ್ಘಾಟನೆ ಆಯಿತು. 371 (ಜೆ) ನೆನಪಿಗೆ 371 ಹಾಸಿಗೆ. ಸಂತೋಷ. ಹಡಗಲಿಯವನು ಎದೆ ಹಿಡಿದುಕೊಂಡು ಕಲಬುರಗಿಗೆ ಹೋಗಿ ಮುಟ್ಟುವನಾ? ಹರಪನಹಳ್ಳಿಯವರು ದಾವಣಗೆರೆ ಕಡೆ ಓಡ್ತಾರೆ, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆ ಕಡೆ, ಕೂಡ್ಲಿಗಿ ಕೊಟ್ಟೂರಿನವರು ದುಡ್ಡಿದ್ದರೆ ಒಂದು ದಿಕ್ಕು, ಇಲ್ಲದಿದ್ದರೆ ಬಳ್ಳಾರಿ.

ಬಳ್ಳಾರಿಯ ಐಸಿಯು ಕಥೆಯನ್ನೂ ನಾವು ಮರೆತಿಲ್ಲ. 2022ರ ಸೆಪ್ಟೆಂಬರ್ 14ರಂದು ವಿಮ್ಸ್‌ನಲ್ಲಿ ಕರೆಂಟು ಕೈಕೊಟ್ಟ ದಿನ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದ ರೋಗಿಗಳು ತೀರಿಕೊಂಡರು. ವೆಂಟಿಲೇಟರ್ ನಿಂತು ಸತ್ತರು ಅಂದರು ಮನೆಯವರು. ಅವರ ಸ್ಥಿತಿ ಮೊದಲೇ ಗಂಭೀರ ಇತ್ತು, ಕರೆಂಟಿಂದ ಅಲ್ಲ ಅಂದಿತು ಆಡಳಿತ. ವಿಧಾನಸಭೆಯಲ್ಲಿ ಗದ್ದಲ ಆಯಿತು, ಸಮಿತಿ ಆಯಿತು. ಅದಕ್ಕೂ ಮುಂಚೆ 2021ರ ಮೇನಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದು ಒಂದೇ ದಿನ 24 ಜನ ಹೋದರು. ಇಲ್ಲೆಲ್ಲ ಹಾಸಿಗೆ ಇತ್ತು, ಮಷೀನ್ ಇತ್ತು. ಅವನ್ನ ಕಾಯೋ ವ್ಯವಸ್ಥೆ ಇರಲಿಲ್ಲ ಅನ್ನೋದೇ ದೂರು.

ಐಸಿಯು ಅಂದರೆ ಮಷೀನ್ ಅಂತ ನಮ್ಮ ಪುಢಾರಿಗಳು ತಿಳಿದಿದ್ದಾರೆ. ಕೋವಿಡ್ ಕಾಲದಲ್ಲಿ ವೆಂಟಿಲೇಟರ್ ಜೊತೆ ಫೋಟೋ ತೆಗೆಸಿಕೊಂಡವರೇ ಎಲ್ಲ. ಐಸಿಯು ಹುಟ್ಟಿದ್ದು ಹೆಂಗೆ ಅಂತ ಕೇಳಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಬಂದು ಮಕ್ಕಳು ಉಸಿರಾಡಲಾಗದೆ ಸಾಯ್ತಿದ್ದಾಗ ಮಷೀನುಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ವೈದ್ಯರು ಗಂಟಲಲ್ಲಿ ಕೊಳವೆ ಇಟ್ಟು ರಬ್ಬರ್ ಚೀಲದಿಂದ ಗಾಳಿ ಒತ್ತುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ರಾತ್ರಿ ಹಗಲು ಕೈಯಿಂದ ಚೀಲ ಒತ್ತಿ ಮಕ್ಕಳನ್ನ ಉಸಿರಾಡಿಸಿದರು. ಜಗತ್ತಿನ ಮೊದಮೊದಲ ಐಸಿಯು ಅಂದರೆ ಅದೇ: ಕಾವಲು ಕೂತ ಕೈಗಳು.

ಕೈ ಅಂದಾಗ ನಮಗೆ ಬೇರೇನೋ ನೆನಪಾಗುತ್ತೆ. ಬಾಬಾಸಾಹೇಬರು 'ವೇಯ್ಟಿಂಗ್ ಫಾರ್ ಎ ವೀಸಾ'ದಲ್ಲಿ 1929ರ ಒಂದು ಘಟನೆ ದಾಖಲಿಸಿದ್ದಾರೆ. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರು. ಹೆರಿಗೆಯಾದ ಹೆಂಡತಿಗೆ ಎದೆ ಕಟ್ಟಿ ಉಸಿರು ಹತ್ತುತ್ತಿಲ್ಲ. ಕೇರಿಯೊಳಗೆ ಬರಲ್ಲ ಅಂದ ಡಾಕ್ಟರು. ಬಾಣಂತಿಯನ್ನೇ ಕೇರಿ ಹೊರಗೆ ತಂದರು. ಥರ್ಮಾಮೀಟರನ್ನ ಡಾಕ್ಟರು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಮಾಸ್ತರಿಗೆ, ಮಾಸ್ತರು ಹೆಂಡತಿಗೆ. ಮುಟ್ಟದೇ ನ್ಯುಮೋನಿಯಾ ಅಂತ ಹೇಳಿದ. ಆಕೆ ಉಳಿಯಲಿಲ್ಲ.

ಈಗ ಯಾವ ಡಾಕ್ಟರೂ ಹಂಗೆ ಮಾಡಲ್ಲ, ನಿಜ. ಕಾನೂನಿದೆ. ಆದರೆ ಎದೆ ಒತ್ತಬೇಕಾದ ಆ ನಾಲ್ಕು ನಿಮಿಷದಲ್ಲಿ ಡಾಕ್ಟರು ಇರಲ್ಲ. ಇರೋದು ಬಸ್ ಸ್ಟ್ಯಾಂಡಿನ ಜನ, ಹೋಟೆಲಿನ ಜನ, ಹೊಲದ ಮಾಲೀಕ. ಇನ್ನೂ ಕೆಲವು ಊರಲ್ಲಿ ಕ್ಷೌರದಂಗಡಿಗೆ, ಗುಡಿಗೆ, ಹೋಟೆಲಿನ ಲೋಟಕ್ಕೆ ಜಗಳ ಆಗ್ತಿರೋ ಕಾಲದಲ್ಲಿ ನಮ್ಮವನ ಎದೆ ಮೇಲೆ ಎರಡು ಕೈ ಇಟ್ಟು ಒತ್ತೋಕೆ ಯಾರು ಮೊದಲು ಮಂಡಿ ಊರ್ತಾರೆ? ಒತ್ತೋರಿಗೆ ನಾನು ಕೈ ಮುಗೀತೀನಿ. ಆದರೆ ನಮ್ಮ ಜೀವವನ್ನ ಆ ಅನುಮಾನದ ಮೇಲೆ ಬಿಡೋಕೆ ನಾನು ತಯಾರಿಲ್ಲ.

ಹಂಗಾದರೆ ಏನು ಮಾಡೋದು? ಅಮೆರಿಕದ ಕಪ್ಪು ಜನ ಮಾಡಿ ತೋರಿಸಿದ್ದಾರೆ.

ಪೀಟರ್ ಸಫರ್ ಅಂತ ಒಬ್ಬ ವೈದ್ಯ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಉಸಿರು ನಿಂತವನಿಗೆ ಬಾಯಿಂದ ಬಾಯಿಗೆ ಉಸಿರು ಕೊಟ್ಟರೆ ಸಾಕಾಗುತ್ತೆ ಅಂತ 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದವರಲ್ಲಿ ಮುಖ್ಯರು. ಎದೆ ಒತ್ತುವ ವಿಧಾನ 1960ರಲ್ಲಿ ಬಾಲ್ಟಿಮೋರಿನ ಬೇರೆ ಸಂಶೋಧಕರಿಂದ ಬಂತು, ಎರಡೂ ಸೇರಿ ಇವತ್ತಿನ ಸಿಪಿಆರ್ ಆಯಿತು. ಸಫರ್ ಅವರ ಮಗಳೇ 1966ರಲ್ಲಿ ಆಸ್ತಮಾದಿಂದ ತೀರಿಕೊಂಡಳು. ಆಗ ಪಿಟ್ಸ್‌ಬರ್ಗ್ ಊರಲ್ಲಿ ರೋಗಿಗಳನ್ನ ಪೊಲೀಸ್ ವ್ಯಾನಿನಲ್ಲಿ ಹಾಕಿಕೊಂಡು ಹೋಗ್ತಿದ್ದರು. ಕಪ್ಪು ಜನರ ಕೇರಿಗೆ, ಹಿಲ್ ಡಿಸ್ಟ್ರಿಕ್ಟಿಗೆ, ಆ ವ್ಯಾನು ಬಂದರೆ ಬಂತು ಇಲ್ಲದಿದ್ದರೆ ಇಲ್ಲ.

1967ರಲ್ಲಿ ಸಫರ್ ಅದೇ ಕೇರಿಯ, ಕೆಲಸಕ್ಕೆ ಬಾರದವರು ಅಂತ ಊರು ಹಣೆಪಟ್ಟಿ ಹಚ್ಚಿದ್ದ ಕಪ್ಪು ಯುವಕರನ್ನ ಕರೆದು ಸುಮಾರು 300 ಗಂಟೆ ತರಬೇತಿ ಕೊಟ್ಟರು. ಫ್ರೀಡಂ ಹೌಸ್ ಆಂಬುಲೆನ್ಸ್ ಅಂತ ಹೆಸರು. ಅಮೆರಿಕದ ಮೊದಮೊದಲ ಪ್ಯಾರಾಮೆಡಿಕ್‌ಗಳು ಅವರೇ. ಅವರ ತರಬೇತಿ ದೇಶಕ್ಕೇ ಮಾದರಿಯಾಯಿತು. ಆಮೇಲೆ ಏನಾಯಿತು ಅಂತ ಊಹಿಸಿ. 1975ರಲ್ಲಿ ನಗರಾಡಳಿತ ಅದನ್ನ ಮುಚ್ಚಿ ತನ್ನದೇ ಆಂಬುಲೆನ್ಸ್ ಸೇವೆ ಶುರು ಮಾಡಿತು. ಕಟ್ಟಿದವರು ಹೊರಗೆ, ಬಿಳಿಯರು ಒಳಗೆ. ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನಿಮಗೂ ಆಗಲ್ಲ.

ಆದರೂ ಎಂಟು ವರ್ಷ ಆ ಹುಡುಗರು ತಮ್ಮ ಕೇರಿಯ ಜೀವಗಳನ್ನ ತಾವೇ ಉಳಿಸಿಕೊಂಡರು. ಅದೇ ನಮಗೆ ಪಾಠ.

ಈಗ ನಮ್ಮವರಿಗೇ ಒಂದು ಮಾತು. ಬೇಜಾರು ಮಾಡ್ಕೋಬೇಡಿ. ನಾವು ಸಂಘಟನೆಯವರು ಇಪ್ಪತ್ತು ವರ್ಷದಿಂದ ಭವನಕ್ಕೆ ಹೋರಾಡಿದೆವು, ಪುತ್ಥಳಿಗೆ ಹೋರಾಡಿದೆವು, ಸ್ಮಶಾನದ ಜಾಗಕ್ಕೆ ಹೋರಾಡಿದೆವು. ಬೇಕಾದ ಹೋರಾಟಗಳೇ. ಆದರೆ ಸ್ಮಶಾನಕ್ಕೆ ಹೋಗೋದನ್ನ ಇಪ್ಪತ್ತು ವರ್ಷ ಮುಂದಕ್ಕೆ ಹಾಕೋ ಇಸಿಜಿ ಮಷೀನಿಗೆ ನಾನೂ ಒಂದು ದಿನ ಧರಣಿ ಕೂತಿಲ್ಲ. ಏಪ್ರಿಲ್ 14ಕ್ಕೆ ಡಿಜೆಗೆ ಕೊಡೋ ದುಡ್ಡಲ್ಲಿ ಒಂದು ತರಬೇತಿ ಗೊಂಬೆ ಬರುತ್ತೆ. ಗುಟ್ಕಾ, ಬೀಡಿ, ಸೆರೆ ಬಗ್ಗೆ ನಮ್ಮ ವೇದಿಕೆಯಿಂದ ಮಾತಾಡೋಕೆ ನಮಗೇ ಮುಜುಗರ, ಯಾಕಂದರೆ ವೇದಿಕೆ ಹಿಂದೆ ನಾವೇ ಅಗಿತೀವಿ. ನಾನು ಬಿಟ್ಟಿದ್ದು ಅಣ್ಣ ಹೋದ ಮೇಲೆ.

ನಮ್ಮ ಭಾಗದ ವಿಧಾನಸಭಾ ಕ್ಷೇತ್ರ ನೋಡಿ. ಹಡಗಲಿ ಎಸ್‌ಸಿ ಮೀಸಲು. ಹಗರಿಬೊಮ್ಮನಹಳ್ಳಿ ಎಸ್‌ಸಿ ಮೀಸಲು. ಕೂಡ್ಲಿಗಿ ಎಸ್‌ಟಿ ಮೀಸಲು. ಹರಪನಹಳ್ಳಿ ಒಂದೇ ಸಾಮಾನ್ಯ. ನಾಲ್ಕರಲ್ಲಿ ಮೂರು ಕುರ್ಚಿ ನಮ್ಮವು. ಪಕ್ಷ ಯಾವುದೇ ಇರಲಿ, ಕೇಳೋಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಇಷ್ಟು ಕೇಳೋಣ:

ಒಂದು. ಐದೂ ತಾಲ್ಲೂಕಿನ ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಕಳೆದ ವರ್ಷ ಎದೆನೋವು ಅಂತ ಬಂದವರೆಷ್ಟು, ಇಸಿಜಿ ಆದವರೆಷ್ಟು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಆಗಿದ್ದೆಷ್ಟು, ಟೆನೆಕ್ಟಿಪ್ಲೇಸ್ ಬಂದ ದಾಸ್ತಾನು ಎಷ್ಟು, ಕೊಟ್ಟಿದ್ದೆಷ್ಟು, ಅವಧಿ ಮೀರಿ ಹೋಗಿದ್ದೆಷ್ಟು. ಅರ್ಜಿ ನಮೂನೆ ನಾನು ಬರೆದು ಕೊಡ್ತೀನಿ, ಅದು ನನ್ನ ಕಸುಬು.

ಎರಡು. ರಾತ್ರಿ ಪಾಳಿಗೆ ಇಸಿಜಿ ಬಲ್ಲ ಒಬ್ಬ ಸಿಬ್ಬಂದಿ. ಐಸಿಯು ಹಾಸಿಗೆಗೆ ತರಬೇತಾದ ನರ್ಸು. ಹಾಸಿಗೆ ಉದ್ಘಾಟನೆಗೆ ರಿಬ್ಬನ್ ಕತ್ತರಿಸೋ ದಿನವೇ ಪಾಳಿ ಪಟ್ಟಿಯನ್ನೂ ಗೋಡೆಗೆ ಅಂಟಿಸಬೇಕು.

ಮೂರು. ನಮ್ಮ ಹಾಸ್ಟೆಲ್ ಮಕ್ಕಳು, ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು, ಹಮಾಲರು, ಆಟೋದವರು ಎಲ್ಲರಿಗೂ ಸಿಪಿಆರ್ ತರಬೇತಿ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಅದರ ದುಡ್ಡು ಎಲ್ಲೆಲ್ಲಿಗೋ ತಿರುಗೋ ಬದಲು ಇದಕ್ಕೆ ಬರಲಿ. ತರಬೇತಾದ ನಮ್ಮ ಹುಡುಗರಿಗೆ ಆಂಬುಲೆನ್ಸಿನಲ್ಲಿ ಕೆಲಸವೂ ಕೊಡಲಿ, ಪಿಟ್ಸ್‌ಬರ್ಗಿನ ಥರ ಕಲಿಸಿ ಹೊರಗೆ ಹಾಕೋದು ಬೇಡ.

ಅಲ್ಲಿವರೆಗೆ ಇಷ್ಟು ನೆನಪಿಡಿ. ಎದೆ ಹಿಂಡಿದಂಗಾಗಿ, ಎಡಗೈಗೋ ದವಡೆಗೋ ನೋವು ಹರಿದು, ತಣ್ಣನೆ ಬೆವರು ಬಂದರೆ ಅದು ಗ್ಯಾಸ್ ಅಂತ ನೀವು ತೀರ್ಮಾನ ಮಾಡಬೇಡಿ. ಹೆಣ್ಣುಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಬರಬಹುದು. ಸೋಡಾ ತರೋಕೆ ಓಡೋ ಹುಡುಗನನ್ನ ಗಾಡಿ ತರೋಕೆ ಓಡಿಸಿ. ಮನುಷ್ಯ ಬಿದ್ದು, ಅಲುಗಿಸಿದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು, ಮೊಣಕೈ ಮಡಚದೆ, ಎರಡು ಇಂಚು ಇಳಿಯುವಂಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಗಾಡಿ ಬರೋವರೆಗೂ ನಿಲ್ಲಿಸಬೇಡಿ, ಕೈ ಸೋತರೆ ಪಕ್ಕದವರಿಗೆ ಬಿಟ್ಟುಕೊಡಿ. ಬಾಯಿಗೆ ನೀರು ಬಿಡಬೇಡಿ. ಅಂಗಾಲು ಉಜ್ಜಬೇಡಿ.

ನಾನು ಉಜ್ಜಿದ್ದೆ. ಅದಕ್ಕೇ ಇಷ್ಟು ಬರೆದೆ.

ಬರುವ ಭಾನುವಾರ ನಮ್ಮ ಓಣಿಯ ಸಮುದಾಯ ಭವನದಲ್ಲಿ ಬೆಳಿಗ್ಗೆ ಹತ್ತಕ್ಕೆ ಸೇರ್ತೀವಿ. ಪರಿಚಯದ ಸ್ಟಾಫ್ ನರ್ಸ್ ಒಬ್ಬರು ಕಲಿಸೋಕೆ ಒಪ್ಪಿದ್ದಾರೆ. ಗೊಂಬೆ ಸಿಗದಿದ್ದರೆ ದಿಂಬಿನ ಮೇಲೆ ಕಲೀತೀವಿ. ಕೇರಿಯವರು ಬರ್ರಿ, ಊರವರೂ ಬರ್ರಿ. ನಮ್ಮ ಕೈ ನಿಮ್ಮ ಎದೆ ಮೇಲೂ ಬೇಕಾಗಬಹುದು, ಆಗ ಜಾತಿ ಕೇಳೋಕೆ ನಿಮಗೂ ಉಸಿರಿರಲ್ಲ, ನಮಗೂ ಪುರುಸೊತ್ತಿರಲ್ಲ.

ಜೈ ಭೀಮ್.